ಬಿ ಏನ್ರಿ, ಕೆ ಏನ್ರಿ?

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ‘ಹಳ್ಳಿಖೇಡಕ್ಕೆ ಯಾವ ಬಸ್ಸು?’ ಎಂದು ಕೇಳಿ ನೋಡಿ. ಉತ್ತರದ ಬದಲು ಒಂದು ಪ್ರಶ್ನೆ ಬರುತ್ತದೆ: ‘ಬಿ ಏನ್ರಿ, ಕೆ ಏನ್ರಿ?’ ಒಂದೇ ಹೆಸರಿನ ಎರಡು ಊರು. ಬಿ ಅಂದರೆ ಬುಜುರ್ಗ್, ಹಿರಿಯದು. ಕೆ ಅಂದರೆ ಖುರ್ದ್, ಕಿರಿಯದು. ಹಳೆಯ ಕಂದಾಯ ದಫ್ತರದ ಪಾರಸಿ ಪದಗಳು ಸವೆದು ಸವೆದು ಒಂದೊಂದೇ ಅಕ್ಷರವಾಗಿ ಕಂಸದೊಳಗೆ ಕುಳಿತಿವೆ. ಹಳ್ಳಿಖೇಡ (ಬಿ) ಈಗ ಪುರಸಭೆಯ ಊರು. ಆದರೂ ಆ ಕಂಸ ಇಲ್ಲದೆ ಅದರ ಗುರುತು ಪೂರ್ತಿಯಾಗುವುದಿಲ್ಲ.

ಬೆಂಗಳೂರಿನ ಮಾರ್ಕೆಟಿಂಗ್ ಮಂದಿ ‘ಪೊಸಿಷನಿಂಗ್’ ಅಂತ ಒಂದು ಪದ ಹೇಳಿ ಅದಕ್ಕೆ ನಲವತ್ತು ಸ್ಲೈಡ್ ತೋರಿಸುತ್ತಾರೆ. ಅಷ್ಟೆಲ್ಲ ಸ್ಲೈಡಿನ ತಿರುಳು ಈ ಕಂಸದೊಳಗಿನ ‘ಬಿ’ಯಲ್ಲಿದೆ: ಅದೇ ಹೆಸರಿನ ಇನ್ನೊಂದು ಇರುವಾಗ ನೀನು ಯಾರು? ಈ ಪ್ರಶ್ನೆಗೆ ದಿನವಿಡೀ ಉತ್ತರ ಹೇಳುತ್ತ ತಿರುಗುವವನೇ ಒಂದು ಕಂಪನಿಯ ಮೊದಲ ಮಾರ್ಕೆಟಿಂಗ್ ನೌಕರ. ಅವನನ್ನು, ಅಥವಾ ಅವಳನ್ನು, ಯಾವಾಗ ಸೇರಿಸಿಕೊಳ್ಳಬೇಕು, ಎಂಥವರನ್ನು ಸೇರಿಸಿಕೊಳ್ಳಬೇಕು? ಸ್ಟಾರ್ಟಪ್‌ಗಳ ಊರಾದ ಬೆಂಗಳೂರಿನಲ್ಲಿ ಈ ಮಾತು ಸಾಕಷ್ಟಾಗಿದೆ. ಬೀದರ್ ಜಿಲ್ಲೆಯ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು ಕೇಳಿದರೆ ಅದೇ ಪ್ರಶ್ನೆಗೆ ಬೇರೆ ರುಚಿ ಬರುತ್ತದೆ.

ಹಳ್ಳಿಖೇಡ (ಬಿ) ಎಂದರೆ ಈ ಭಾಗದ ರೈತರಿಗೆ ಮೊದಲು ನೆನಪಾಗುವುದು ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಬಿಎಸ್ಎಸ್‌ಕೆ. ಸಹಕಾರಿ ಸಕ್ಕರೆಯ ಲೋಕ ಹೇಗಿತ್ತು ನೋಡಿ. ಕಬ್ಬು ಅಭಿವೃದ್ಧಿಗೆ ಒಬ್ಬ ಅಧಿಕಾರಿ, ರಸ ಪರೀಕ್ಷಿಸಲು ಕೆಮಿಸ್ಟ್, ಬಾಯ್ಲರಿಗೆ ಎಂಜಿನಿಯರ್, ತೂಕದ ಕಾಟಾಕ್ಕೆ ಗುಮಾಸ್ತ. ಸಕ್ಕರೆ ತಿನ್ನುವವನ ಜೊತೆ ಮಾತಾಡಲು ಯಾರೂ ಇಲ್ಲ. ಬೇಕಾಗಿಯೂ ಇರಲಿಲ್ಲ. 2013ರವರೆಗೆ ದೇಶದ ಸಕ್ಕರೆ ಕಾರ್ಖಾನೆಗಳು ಉತ್ಪಾದನೆಯ ಶೇ 10ರಷ್ಟನ್ನು ಲೆವಿಯಾಗಿ ಸರ್ಕಾರಕ್ಕೆ ಕೊಡಬೇಕಿತ್ತು. ಉಳಿದದ್ದರಲ್ಲಿ ಎಷ್ಟು ಮೂಟೆ ಮಾರುಕಟ್ಟೆಗೆ ಬಿಡಬೇಕು ಎಂಬುದನ್ನೂ ದಿಲ್ಲಿಯೇ ಹೇಳುತ್ತಿತ್ತು. ಟೆಂಡರ್ ಕರೆ, ಲಾರಿ ತುಂಬು, ಬಾಗಿಲು ಹಾಕು. ಮೂಟೆ ಹೈದರಾಬಾದಿನಲ್ಲೋ ಪುಣೆಯಲ್ಲೋ ಬಿಚ್ಚಿಕೊಂಡ ಮೇಲೆ ಅದಕ್ಕೆ ಊರೂ ಇಲ್ಲ, ಹೆಸರೂ ಇಲ್ಲ.

ತೊಗರಿಯ ಕಥೆಯೂ ಹಾಗೆಯೇ. ಅಡತ್ ಅಂಗಡಿಗೆ ಬರುತ್ತದೆ, ಸವಾಲಿನಲ್ಲಿ ಹೋಗುತ್ತದೆ, ದಾಲ್ ಮಿಲ್ಲಿನಿಂದ ಬೇಳೆಯಾಗಿ ಹೊರಬಂದು ಯಾರದೋ ಲೇಬಲ್ಲಿನ ಪೊಟ್ಟಣ ಸೇರುತ್ತದೆ. ಬೆಳೆಯುವುದು ನಮ್ಮ ಕೆಲಸ, ಹೆಸರಿಡುವುದು ಬೇರೆಯವರ ಕೆಲಸ ಎಂಬ ಅಭ್ಯಾಸ ಮೂರು ತಲೆಮಾರಿನಿಂದ ಮೈಗಂಟಿದೆ. ಈ ಸೀಮೆಯಲ್ಲಿ ಒಂದು ಹೊಸ ಕಂಪನಿಗೆ ಮಾರ್ಕೆಟಿಂಗ್ ನೌಕರನನ್ನು ಹುಡುಕುವುದು ಕಷ್ಟವಾಗುವುದಕ್ಕೆ ದುಡ್ಡಿನ ಕೊರತೆಗಿಂತ ಈ ಅಭ್ಯಾಸವೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ. ಎಂಜಿನಿಯರಿಂಗ್ ಓದಿದ ಇಬ್ಬರು ಗೆಳೆಯರು ನಾಲ್ಕು ವರ್ಷ ಹೈದರಾಬಾದಿನಲ್ಲಿ ನೌಕರಿ ಮಾಡಿ, ಹಳ್ಳಿಖೇಡಕ್ಕೆ ಮರಳಿ, ಅಪ್ಪನ ಗಾಣದ ಪಕ್ಕ ಶೆಡ್ಡು ಹಾಕಿ ಬೆಲ್ಲದ ಪುಡಿ ಮಾಡುತ್ತಿದ್ದಾರೆ. ಒಂದು ಟನ್ ಕಬ್ಬು ಅರೆದರೆ ಬರುವುದು ಸುಮಾರು ನೂರು ಕಿಲೋ ಬೆಲ್ಲ. ಅದನ್ನು ಮುದ್ದೆ ಮಾಡಿ ಅಡತಿಗೆ ಹಾಕಿದರೆ ಒಂದು ದರ, ಪುಡಿ ಮಾಡಿ ಪೊಟ್ಟಣಕ್ಕೆ ತುಂಬಿದರೆ ಇನ್ನೊಂದು ದರ. ಆ ಎರಡು ದರಗಳ ನಡುವಿನ ಅಂತರವೇ ಕಂಪನಿ.

ಅವರ ಸಮಸ್ಯೆ ಬಣ್ಣ.

ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೊಳ್ಳುವ ಹೆಂಗಸರನ್ನು ನೋಡಬೇಕು. ಮೊದಲು ಕಣ್ಣು, ಹಳದಿ ಇದೆಯೇ? ಆಮೇಲೆ ಉಗುರು. ಮುದ್ದೆಯ ಅಂಚನ್ನು ಕೆರೆದು, ಚೂರನ್ನು ಎರಡು ಬೆರಳಿನ ನಡುವೆ ಹೊಸಕುತ್ತಾರೆ, ಮರಳು ಮರಳಾಗಿ ಒಡೆಯಬೇಕು, ಜಿಗಿ ಎಳೆಯಬಾರದು. ಕೊನೆಗೆ ನಾಲಿಗೆಯ ತುದಿ, ಉಪ್ಪು ಉಪ್ಪಾಗಿದ್ದರೆ ಮುಖ ಕಿವುಚಿ ಚೂರನ್ನು ವಾಪಸು ಇಡುತ್ತಾರೆ. ಇಷ್ಟಕ್ಕೆ ಅರ್ಧ ನಿಮಿಷ. ಮೂರು ಪರೀಕ್ಷೆಯಲ್ಲಿ ಮೊದಲನೆಯದೇ ನಮ್ಮ ಗೆಳೆಯರಿಗೆ ಕಂಟಕ. ಹೊಳೆಯುವ ಹಳದಿ ಬರಬೇಕಾದರೆ ಕುದಿಯುವ ರಸಕ್ಕೆ ‘ಹೈಡ್ರೋಸ್’ ಹಾಕಬೇಕು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳುಪು ಮಾಡುವ ಪುಡಿ ಅದು. ಹಾಕಿದ ದಿನ ಬೆಲ್ಲ ಬಂಗಾರ, ತಿಂಗಳು ಕಳೆದಂತೆ ಮತ್ತೆ ಕಪ್ಪಗಾಗುತ್ತ ಹೋಗುತ್ತದೆ. ಅದನ್ನು ಹಾಕದೆ ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು ಮಾಡಿದ ಬೆಲ್ಲ ಹುಟ್ಟಿನಿಂದಲೇ ಕಂದು. ಒಳ್ಳೆಯ ಮಾಲು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಕೆಟ್ಟ ಮಾಲು ಒಳ್ಳೆಯದಾಗಿ ಕಾಣುತ್ತದೆ.

ಮಾರ್ಕೆಟಿಂಗ್ ಬೇಕಾಗುವುದು ಇಂಥ ಕಡೆ. ಹಾಗಂತ ನಾಳೆಯೇ ಒಬ್ಬರನ್ನು ಸೇರಿಸಿಕೊಂಡರೆ? ಬೇಡ ಅನ್ನುತ್ತೇನೆ. ಮೊದಲ ಐನೂರು ಪೊಟ್ಟಣವನ್ನು ಈ ಇಬ್ಬರು ಗೆಳೆಯರು ತಮ್ಮ ಕೈಯಾರೆ ಮಾರಬೇಕು. ‘ಯಾಕಪ್ಪಾ, ಕರಿ ಆಗ್ಯಾದಲ್ಲ ಬೆಲ್ಲ?’ ಎಂಬ ಮಾತನ್ನು ಐವತ್ತು ಬಾಯಿಂದ ತಾವೇ ಕೇಳಿಸಿಕೊಳ್ಳಬೇಕು. ಐವತ್ತರಲ್ಲಿ ಯಾವ ಉತ್ತರಕ್ಕೆ ತಲೆ ಅಲ್ಲಾಡಿತು, ಯಾವುದಕ್ಕೆ ಬೆನ್ನು ತಿರುಗಿತು ಎಂಬುದು ಗೊತ್ತಾಗದೆ ನೌಕರನನ್ನು ತಂದರೆ ಅವನಿಗೆ ಹೇಳಿಕೊಡಲು ಅವರ ಬಳಿ ಏನಿರುತ್ತದೆ? ಪಗಾರ ಕೊಟ್ಟು ತಮ್ಮ ಅಜ್ಞಾನವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿದಂತಾಗುತ್ತದೆ, ಅಷ್ಟೆ.

ಫ್ಲಿಪ್‌ಕಾರ್ಟ್ ಈಗ ದೈತ್ಯ. 2007ರಲ್ಲಿ ಬೆಂಗಳೂರಿನಲ್ಲಿ ಆನ್‌ಲೈನ್ ಪುಸ್ತಕದ ಅಂಗಡಿಯಾಗಿ ಶುರುವಾದಾಗ ಅದರ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು, ಪುಸ್ತಕ ಕೊಂಡು ಬಂದವರ ಕೈಗೆ ಬುಕ್‌ಮಾರ್ಕ್ ಹಂಚುತ್ತಿದ್ದರು. ಅವರು ಮೊದಲು ಸೇರಿಸಿಕೊಂಡ ನೌಕರ ಅಂಬೂರ್ ಅಯ್ಯಪ್ಪ ಬಂದದ್ದು ಕೊರಿಯರ್ ಕಂಪನಿಯಿಂದ. ಮಾಲು ತಲುಪಿಸುವುದನ್ನು ಬಲ್ಲವನಿಗೆ ಮೊದಲ ಕುರ್ಚಿ, ಬಾಯಿ ಕೆಲಸ ಸ್ಥಾಪಕರದೇ. ಹೇಳಿದ ದಿನ ಪುಸ್ತಕ ಬರದಿದ್ದರೆ ಎಂಥ ಜಾಹೀರಾತೂ ಉಳಿಸುವುದಿಲ್ಲ ಎಂಬ ಅಂದಾಜು ಅವರಿಗಿತ್ತೇನೋ.

ಲಿಜ್ಜತ್ ಪಾಪಡ್ ಇನ್ನೂ ಚಂದದ ಉದಾಹರಣೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವಿನ ಮಾಳಿಗೆಯ ಮೇಲೆ ಏಳು ಮಂದಿ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಆ ದಿನ ಆದದ್ದು ನಾಲ್ಕು ಪೊಟ್ಟಣ. ಅದನ್ನು ಅಂಗಡಿಗೆ ಒಯ್ದು ಮಾರಿಕೊಡುತ್ತಿದ್ದವರು ಪುರುಷೋತ್ತಮ ದತ್ತಾನಿ. ನಮ್ಮ ಲೆಕ್ಕದಲ್ಲಿ ಆ ಸಂಸ್ಥೆಯ ಮೊದಲ ಮಾರ್ಕೆಟಿಂಗ್ ಕೈ ಅವರೇ. ಶುರುವಿನಲ್ಲಿ ಆ ಹೆಂಗಸರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು, ಸ್ವಲ್ಪ ಕೀಳಾದದ್ದನ್ನು ಅಗ್ಗಕ್ಕೆ ಮಾರಬಹುದಲ್ಲ ಎಂಬ ಲೆಕ್ಕ. ಸಾಲ ಕೊಟ್ಟಿದ್ದ ಛಗನಲಾಲ್ ಪಾರೇಖ್ ಅದು ಕೂಡದೆಂದರು: ಒಂದೇ ದರ್ಜೆ, ಅದೂ ಒಳ್ಳೆಯದು. ಹಪ್ಪಳದ ಹೆಸರು ದೇಶಕ್ಕೆ ಹಬ್ಬುವ ಎಷ್ಟೋ ಮೊದಲು ತೀರ್ಮಾನವಾದ ಮಾತಿದು, ಮತ್ತು ಇದನ್ನು ತೀರ್ಮಾನಿಸಿದ್ದು ಮಾರುವವನಲ್ಲ.

ಸರಿ, ಐನೂರು ಪೊಟ್ಟಣ ಮಾರಿಯಾಯಿತು. ಒಬ್ಬ ಗೆಳೆಯ ಗಾಣ ಬಿಟ್ಟು ಬರಲಾರ, ಇನ್ನೊಬ್ಬ ಲೆಕ್ಕ, ಜಿಎಸ್‌ಟಿ, ಆಹಾರ ಸುರಕ್ಷತೆಯ ಲೈಸೆನ್ಸು ಎಂದು ಬೀದರಿಗೆ ಓಡಾಡುತ್ತಿದ್ದಾನೆ. ಈಗ ಒಬ್ಬರು ಬೇಕೇ ಬೇಕು. ಯಾರು?

ಕೈಯಲ್ಲಿ ಸ್ವಲ್ಪ ಬಂಡವಾಳ ಬಂದವರು ಮೊದಲು ಮಾಡುವ ತಪ್ಪು, ದೊಡ್ಡ ಕಂಪನಿಯ ದೊಡ್ಡ ಹುದ್ದೆಯವರನ್ನು ಕರೆತರುವುದು. ಅಲ್ಲಿ ಅವರ ಕೈಕೆಳಗೆ ಹತ್ತು ಜನ, ಜಾಹೀರಾತಿಗೆ ಏಜೆನ್ಸಿ, ಅಂಕಿ ಅಂಶಕ್ಕೆ ಬೇರೆ ವಿಭಾಗ. ಇಲ್ಲಿ ಬಂದರೆ ಅವರ ಕೈಕೆಳಗೆ ಅವರೇ. ಪೊಟ್ಟಣಕ್ಕೆ ಸ್ಟಿಕ್ಕರ್ ಅಂಟಿಸುವುದೂ, ವಾಟ್ಸ್ಆ್ಯಪಿನಲ್ಲಿ ಬಂದ ದೂರಿಗೆ ಉತ್ತರ ಬರೆಯುವುದೂ, ಜಾತ್ರೆಯಲ್ಲಿ ಟೇಬಲ್ ಹಾಕುವುದೂ ಒಂದೇ ಕೈ. ಎರಡನೆಯ ತಪ್ಪು ಇದರ ತದ್ವಿರುದ್ಧ: ಚಿಕ್ಕಪ್ಪನ ಮಗ ಇನ್‌ಸ್ಟಾಗ್ರಾಂನಲ್ಲಿ ಚುರುಕಾಗಿದ್ದಾನೆ, ರೀಲ್ಸ್ ಮಾಡುತ್ತಾನೆ, ಅವನನ್ನೇ ಹಾಕಿಕೊಳ್ಳೋಣ. ಲೈಕು ಒತ್ತಿದ ಹತ್ತು ಸಾವಿರ ಮಂದಿಯಲ್ಲಿ ಬೆಲ್ಲ ಕೊಂಡವರೆಷ್ಟು ಎಂಬ ಲೆಕ್ಕ ಅವನಿಗೂ ಗೊತ್ತಿರುವುದಿಲ್ಲ, ಕೇಳಲು ಸಂಕೋಚ ಇವರನ್ನೂ ಬಿಡುವುದಿಲ್ಲ. ಸಂಬಂಧಿಕ ಬೇರೆ.

ಬೀದರ್ ಸೀಮೆಯಲ್ಲಿ ಇನ್ನೊಂದು ಅರ್ಹತೆ ಬೇಕು, ಅದು ಯಾವ ಎಂಬಿಎ ಪ್ರಮಾಣಪತ್ರದಲ್ಲೂ ಇರುವುದಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಹಳೆಯ ಬೀದರ್ ಜಿಲ್ಲೆ ಮೂರು ಕಡೆ ಹಂಚಿಹೋಯಿತು. ಉದಗೀರ್, ನಿಲಂಗಾ ಆಗಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ನಮಗೆ. ಗಡಿ ಗೆರೆ ಬಿತ್ತು, ಸಂತೆಯೇನೂ ಗೆರೆ ನೋಡಲಿಲ್ಲ. ಇಂದಿಗೂ ಒಂದೇ ಬೆಲ್ಲವನ್ನು ಉದಗೀರಿನಲ್ಲಿ ‘ಗುಳ್’ ಎಂದು, ಜಹೀರಾಬಾದಿನಲ್ಲಿ ‘ಬೆಲ್ಲಂ’ ಎಂದು, ಬೀದರಿನ ಗಲ್ಲಿಗಳಲ್ಲಿ ‘ಗುಡ್’ ಎಂದು ಕೂಗಬೇಕು. ಕನ್ನಡ, ಮರಾಠಿ, ತೆಲುಗು, ದಖನಿ, ನಾಲ್ಕರಲ್ಲೂ ಚೌಕಾಸಿ ಮಾಡಬಲ್ಲ ಹುಡುಗಿಯೊಬ್ಬಳು ಹುಮನಾಬಾದಿನ ಯಾವುದಾದರೂ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಈಗಾಗಲೇ ನಿಂತಿರುತ್ತಾಳೆ. ಬಯೋಡೇಟಾದಲ್ಲಿ ಅವಳು ‘ಲ್ಯಾಂಗ್ವೇಜಸ್ ನೋನ್’ ಎಂಬಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಎಂದಷ್ಟೇ ಬರೆದಿರುತ್ತಾಳೆ. ಉಳಿದವು ಮಾತಾಡುವ ಭಾಷೆಗಳು, ಬರೆದುಕೊಳ್ಳುವಂಥವಲ್ಲ ಎಂದು ಅವಳ ಭಾವನೆ.

ಇಂಥವರನ್ನು ಸಂದರ್ಶನದ ಕೋಣೆಯಲ್ಲಿ ಕೂರಿಸಿ ‘ನಿಮ್ಮ ಬಲ ಏನು, ದೌರ್ಬಲ್ಯ ಏನು’ ಎಂದು ಕೇಳಿದರೆ ಏನೂ ತಿಳಿಯದು. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಇರುತ್ತದಲ್ಲ, ಅಲ್ಲಿಗೆ ಕಳಿಸಬೇಕು. ಎರಡು ದಿನದ ಕೂಲಿ ಮುಂಗಡ ಕೊಟ್ಟು (ಪುಕ್ಕಟೆ ಕೆಲಸ ಮಾಡಿಸಿಕೊಂಡು ‘ಪರೀಕ್ಷೆ’ ಎನ್ನುವುದು ನಾಚಿಕೆಗೇಡು), ನಲವತ್ತು ಪೊಟ್ಟಣ, ಒಂದು ನೋಟ್‌ಬುಕ್ ಕೊಡಬೇಕು. ಎಷ್ಟು ಮಾರಿದಳು ಎಂಬುದು ಎರಡನೆಯ ಲೆಕ್ಕ. ಜನ ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಬರೆದುಕೊಂಡು ಬಂದಳೇ ಎಂಬುದು ಮೊದಲನೆಯದು. ನಲವತ್ತೂ ಮಾರಿ ಖಾಲಿ ನೋಟ್‌ಬುಕ್ ತಂದವಳು ಒಳ್ಳೆಯ ಸೇಲ್ಸ್‌ಗರ್ಲ್. ಹದಿನೈದು ಮಾರಿ, ‘ಚಾದಾಗ ಹಾಕಿದ್ರ ಹಾಲ ಒಡೀತಾವೇನ್ರಿ ಅಂತ ಹನ್ನೊಂದು ಮಂದಿ ಕೇಳ್ಯಾರ’ ಎಂದು ಬರೆದು ತಂದವಳಿಗೆ ಕೆಲಸ ಕೊಡಬೇಕು. ಪೊಟ್ಟಣದ ಹಿಂಬದಿಯಲ್ಲಿ ಅಚ್ಚು ಹಾಕಿಸಬೇಕಾದದ್ದು ಏನೆಂದು ಅವಳು ಕಂಪನಿಗೆ ಹೇಳಿದಳು. ‘ಪ್ರಕೃತಿಯ ಮಡಿಲಿನಿಂದ’ ಎಂಬ ಸಾಲಿಗಿಂತ ‘ಚಹಾ ಇಳಿಸಿದ ಮೇಲೆ ಹಾಕಿ, ಹಾಲು ಒಡೆಯದು’ ಎಂಬ ಸಾಲು ಹೆಚ್ಚು ಬೆಲ್ಲ ಮಾರುತ್ತದೆ ಎಂದು ನಾನು ಪಂಥ ಕಟ್ಟುತ್ತೇನೆ.

ತಿಳಿಸಿ ಹೇಳುವುದೇ ಮಾರುವುದು ಎಂಬುದಕ್ಕೆ ಬೆಂಗಳೂರಿನ ಜೆರೋಧಾ ಸಾಕ್ಷಿ. 2010ರಲ್ಲಿ ನಿತಿನ್ ಕಾಮತ್ ಶುರುಮಾಡಿದ ಈ ಷೇರು ದಲ್ಲಾಳಿ ಕಂಪನಿ ಜಾಹೀರಾತಿಗೆ ದುಡ್ಡು ಸುರಿಯದೆ ಬೆಳೆದದ್ದಕ್ಕೇ ಹೆಸರುವಾಸಿ. ಅವರು ಕಾರ್ತಿಕ್ ರಂಗಪ್ಪ ಅವರಿಂದ ಷೇರುಪೇಟೆಯ ಪಾಠಗಳನ್ನು ಬರೆಸಿ ‘ವರ್ಸಿಟಿ’ ಎಂದು ಪುಕ್ಕಟೆ ತೆರೆದಿಟ್ಟರು. ಮೇಷ್ಟರ ಕೆಲಸ ಅದು. ಓದಿ ತಿಳಿದವರು ತಾವಾಗಿ ಖಾತೆ ತೆರೆದರು. ಕಂದು ಬೆಲ್ಲಕ್ಕೂ ಬೇಕಾದದ್ದು ಒಬ್ಬ ಮೇಷ್ಟರೇ.

ನಮ್ಮ ನೆರೆಯ ಕಲಬುರಗಿಯಲ್ಲಿ ಬೇರೆ ದಾರಿ ಹಿಡಿದರು. ಮನೆ ಮನೆಯ ಜೋಳದ ರೊಟ್ಟಿಗೆ ಜಿಲ್ಲಾಡಳಿತವೇ ಮುಂದೆ ನಿಂತು ‘ಕಲಬುರಗಿ ರೊಟ್ಟಿ’ ಎಂಬ ಬ್ರಾಂಡ್ ಕಟ್ಟಿತು. ರೊಟ್ಟಿ ಬಡಿಯುವ ಮಹಿಳಾ ಸಂಘಗಳನ್ನು ಒಟ್ಟುಗೂಡಿಸಿ, ಒಂದೇ ಹೆಸರು, ಒಂದೇ ಪೊಟ್ಟಣ ಕೊಟ್ಟು ಆನ್‌ಲೈನಿಗೂ ಏರಿಸಿತು. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಹೆಂಗಸರನ್ನು ನೆನೆದು, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಎಂದರು. ಇಲ್ಲಿ ಮೊದಲ ಮಾರ್ಕೆಟಿಂಗ್ ನೌಕರ ಸರ್ಕಾರವೇ. ಸಂತೋಷ. ಸರ್ಕಾರಿ ಅಧಿಕಾರಿಗೆ ವರ್ಗಾವಣೆ ಎಂಬುದೊಂದು ಇರುತ್ತದೆ ಎಂಬ ಸಣ್ಣ ಚಿಂತೆ ಮಾತ್ರ ನನಗೆ. ಆ ಸಂಘಗಳೊಳಗಿನಿಂದಲೇ ಒಬ್ಬಳು ಫೋನು ಹಿಡಿದು ಬೆಂಗಳೂರಿನ ಅಂಗಡಿಯವನ ಜೊತೆ ದರ ಮಾತಾಡುವಂತಾದಾಗ ಅದು ಗಟ್ಟಿಯಾದಂತೆ. ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯೂ 2020ರಿಂದ ಘಟಕಗಳಿಗೆ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಬ್ಸಿಡಿ ಕೊಡುತ್ತಿದೆ. ಸಂಘ, ಸಹಕಾರಿಗಳಿಗೆ ಬ್ರಾಂಡಿಂಗ್ ಖರ್ಚಿನಲ್ಲಿ ಅರ್ಧದಷ್ಟು ನೆರವೂ ಇದೆ. ಯಂತ್ರ ಬರುತ್ತದೆ, ಲೇಬಲ್ ಬರುತ್ತದೆ. ಲೇಬಲ್ ಹಿಡಿದು ಊರೂರು ಅಲೆಯುವ ಕಾಲು ಸಬ್ಸಿಡಿಯಲ್ಲಿ ಬರುವುದಿಲ್ಲ.

ಇನ್ನು ಪಗಾರದ ಮಾತು. ಹುಡುಗಿ ಒಪ್ಪಿದರೂ ಅವಳ ಮನೆಯವರು ಒಪ್ಪಬೇಕಲ್ಲ. ಸಂವಿಧಾನದ 371 (ಜೆ) ಕಲಂ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಪ್ರತಿ ಮನೆಯಲ್ಲೂ ಒಂದು ಸರ್ಕಾರಿ ನೌಕರಿಯ ಕನಸಿದೆ, ಇರಬೇಕಾದದ್ದೇ. ಅಂಥ ಮನೆಯ ಪಡಸಾಲೆಯಲ್ಲಿ ಕುಳಿತು ‘ಸ್ಟಾರ್ಟಪ್’ ಎಂದರೆ ಅವ್ವ ಕೇಳುವುದು ಒಂದೇ: ‘ಮಾರ್ಕೆಟಿಂಗ್ ಅಂದ್ರ ಏನಪ್ಪಾ, ಬ್ಯಾಗ್ ಹಾಕ್ಕೊಂಡು ಮನಿ ಮನಿ ತಿರಗೋದಾ?’ ಹೌದು ಎಂದರೂ ಕಷ್ಟ, ಅಲ್ಲ ಎಂದರೂ ಸುಳ್ಳು. ಪಗಾರ ಕಡಿಮೆ, ಅದರ ಬದಲು ಕಂಪನಿಯಲ್ಲಿ ಪಾಲು ಕೊಡುತ್ತೇವೆ ಎಂದರೆ ಅಪ್ಪನ ಹುಬ್ಬು ಗಂಟಿಕ್ಕುತ್ತದೆ. ಷೇರು ಆಯ್ಕೆಯ ಕಾಗದವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿ ಪ್ರಯೋಜನವಿಲ್ಲ. ಅದನ್ನು ಅವನ ಹೊಲದ ಭಾಷೆಯಲ್ಲೇ ಹೇಳಬಹುದು. ಆಳನ್ನು ಯುಗಾದಿಯಿಂದ ಯುಗಾದಿಗೆ ಗೊತ್ತು ಮಾಡುತ್ತೀರಿ, ನಡುವೆ ಬಿಟ್ಟು ಹೋದವನಿಗೆ ವರ್ಷದ ಕಾಳು ಇಲ್ಲ. ಹಾಗೆಯೇ ಕಾನೂನಿನ ಪ್ರಕಾರ ಇಂಥ ಪಾಲು ಕೈಗೆ ಹತ್ತಲು ಕನಿಷ್ಠ ಒಂದು ವರ್ಷ ಕಳೆಯಬೇಕು. ಆಮೇಲೆ ವರ್ಷ ವರ್ಷಕ್ಕೆ ಇಷ್ಟಿಷ್ಟು. ಫಸಲು ಬಂದರೆ ಪಾಲು, ಬರ ಬಿದ್ದರೆ ಇಬ್ಬರಿಗೂ ಬರ. ಈ ಕೊನೆಯ ಮಾತನ್ನು ಮುಚ್ಚಿಡಬಾರದು. ಬೇಸಾಯದ ಮನೆಯವರಿಗೆ ಬರ ಅರ್ಥವಾಗುತ್ತದೆ, ಮೋಸ ಮಾತ್ರ ಅರ್ಥವಾಗುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಏನೇನು ಅವಳ ಕೈಗೆ ಬಿಡಬೇಕು? ಇಲ್ಲಿ ನನಗೆ ಬಸವಕಲ್ಯಾಣದ ನುಲಿಯ ಚಂದಯ್ಯ ನೆನಪಾಗುತ್ತಾನೆ. ಹನ್ನೆರಡನೆಯ ಶತಮಾನದ ಶರಣ, ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಅವನ ಕುರಿತ ಐತಿಹ್ಯ ಒಂದಿದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿತ್ತು, ಚಂದಯ್ಯ ಎತ್ತಿಕೊಳ್ಳದೆ ಹೊರಟ. ಲಿಂಗವೇ ಅವನ ಹಿಂದೆ ಬಂದು ಬೇಡಿಕೊಂಡಿತು. ಕೊನೆಗೆ ಚಂದಯ್ಯ ಒಂದು ಕರಾರಿನ ಮೇಲೆ ಒಪ್ಪಿದ: ನೀನೂ ಕಾಯಕ ಮಾಡಬೇಕು, ನಾನು ಹೊಸೆದ ಹಗ್ಗ ಮಾರಿಕೊಂಡು ಬರಬೇಕು. ದೇವರು ಹಗ್ಗ ಹೊತ್ತು ಬಸವಣ್ಣನ ಬಳಿಗೆ ಹೋದ. ಬಸವಣ್ಣ ಹಗ್ಗಕ್ಕೆ ಸಾವಿರ ಹೊನ್ನು ಕೊಟ್ಟ. ಎಂಥ ಸೇಲ್ಸ್! ಚಂದಯ್ಯ ಮಾತ್ರ ಸಿಡಿದ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನದು ನನಗೆ ಬೇಡ ಎಂದ.

ಜಗತ್ತಿನ ಯಾವ ಕಂಪನಿಗೂ ಇಷ್ಟು ದೊಡ್ಡ ಮಾರ್ಕೆಟಿಂಗ್ ನೌಕರ ಸಿಕ್ಕಿರಲಾರ. ಅಂಥವನ ಮೊದಲ ದಿನದ ವಹಿವಾಟನ್ನೇ ಮಾಲೀಕ ತಿರಸ್ಕರಿಸಿದ. ಹಗ್ಗದ ಬೆಲೆ ಎಷ್ಟೆಂದು ಚಂದಯ್ಯನಿಗೆ ಅಷ್ಟು ಖಚಿತವಾಗಿ ಗೊತ್ತಿದ್ದದ್ದು ಅವನು ವರ್ಷಗಟ್ಟಲೆ ತಾನೇ ಹೊಸೆದು ತಾನೇ ಮಾರಿದ್ದರಿಂದ. ನಮ್ಮ ಬೆಲ್ಲದ ಗೆಳೆಯರೂ ದರವನ್ನು, ಹೈಡ್ರೋಸ್ ಹಾಕುವುದಿಲ್ಲ ಎಂಬ ಮಾತನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿ. ‘ಸ್ವಲ್ಪ ಹಳದಿ ಮಾಡಿದ್ರ ಎರಡು ಪಟ್ಟು ಹೋಗ್ತದ್ರಿ’ ಎಂದು ಮಾರುವವಳು ಒಂದು ದಿನ ಹೇಳಿಯೇ ಹೇಳುತ್ತಾಳೆ. ಅದು ನಿಜವೂ ಆಗಿರುತ್ತದೆ. ಆ ದಿನ ಗಾಣದ ಮುಂದೆ ನಿಂತವನು ಇಲ್ಲ ಎನ್ನಬೇಕು. ಮಾತು, ಚಿತ್ರ, ಪೊಟ್ಟಣ, ಯಾವ ಸಂತೆಗೆ ಮೊದಲು ಹೋಗಬೇಕು ಎಂಬುದನ್ನೆಲ್ಲ ಅವಳಿಗೇ ಬಿಡಲಿ, ಅಲ್ಲಿ ಮೂಗು ತೂರಿಸುವುದು ಬೇಡ.

ಆ ಕಲ್ಪನೆಯ ಕಂಪನಿಯಲ್ಲಿ ಅವಳ ಮೊದಲ ವಾರ ಹೀಗೆ ಕಳೆಯಬಹುದು. ಹೈದರಾಬಾದಿನ ಡಿಸೈನರ್ ಹೊಸ ಲೇಬಲ್ ಕಳಿಸಿದ್ದಾನೆ. ಚಂದವಿದೆ, ಕಂದು ಕಾಗದ, ಬಿಳಿ ಅಕ್ಷರ. ವಿಳಾಸದಲ್ಲಿ ‘ಹಳ್ಳಿಖೇಡ’ ಎಂದಷ್ಟೇ ಇದೆ. ಕಂಸ ಕಣ್ಣಿಗೆ ಚುಚ್ಚುತ್ತದೆ ಅಂತ ತೆಗೆದೆ ಎಂದು ಅವನ ವಿವರಣೆ. ಎರಡು ವಾರದ ಹಿಂದೆ ಖಾಲಿ ಪೊಟ್ಟಣಗಳ ಪಾರ್ಸೆಲ್ ಒಂದು ಇದೇ ಕಾರಣಕ್ಕೆ ಕೆ ಊರಿಗೆ ಹೋಗಿ ಕುಳಿತಿತ್ತು, ಬೈಕಿನಲ್ಲಿ ಹೋಗಿ ಬಿಡಿಸಿಕೊಂಡು ಬಂದದ್ದು ಗೆಳೆಯರಿಗೆ ನೆನಪಿದೆ. ಅವಳು ಪೆನ್ನು ತೆಗೆದು ಲೇಬಲ್ಲಿನ ಮೇಲೆ ಎರಡು ಅರ್ಧಚಂದ್ರ ಬರೆದು, ನಡುವೆ ‘ಬಿ’ ಹಾಕಿ, ಫೋಟೊ ತೆಗೆದು ಡಿಸೈನರಿಗೆ ವಾಪಸು ಕಳಿಸುತ್ತಾಳೆ. ಕೆಳಗೆ ಒಂದು ಸಾಲು: ‘ಇದು ಸ್ವಲ್ಪ ದೊಡ್ಡದಾಗೇ ಇರ್ಲಿ, ಭಯ್ಯಾ.’